ಕತ್ತಲೆಕೋಣೆಯ ಕಾಲದ ಸತ್ಯವಂತ ಟಿ.ಎಸ್. ಸತ್ಯನ್

ಮೈಸೂರು: ಚಿತ್ರ ತಿದ್ದಲು ಫೋಟೋಶಾಪ್ ಒಳ್ಳೆಯದೋ, ಲೈಟ್‌ರೂಮ್ ಒಳ್ಳೆಯದೋ, ಉಚಿತವಾಗಿ ದೊರೆಯುವ ಜಿಂಪ್ ಸಾಕೋ? ಕ್ಯಾಮೆರಾ ಹಿಡಿದ ಯುವಕರಿಗೆ ಇಂದು ಮೊದಲು ಎದುರಾಗುವ ಪ್ರಶ್ನೆಯಿದು. ಇಂಥ ಆಯ್ಕೆಗಳೇ ಇಲ್ಲದ ಕಾಲದಲ್ಲಿ ಮೈಸೂರಿನಿಂದ ಹೊರಟು ಜಗತ್ತಿನ ಪತ್ರಿಕೆಗಳ ಪುಟಗಳನ್ನು ಸೇರಿದವರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ನಾಡಿಗೆ ಅವರು ಟಿ.ಎಸ್. ಸತ್ಯನ್ ಎಂದೇ ಪರಿಚಿತರು.

1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದ ಸತ್ಯನ್, ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿ ಸುದ್ದಿ ಛಾಯಾಗ್ರಾಹಕರಾದರು. ಮುಂದೆ ಇಲಸ್ಟ್ರೇಟೆಡ್ ವೀಕ್ಲಿಗೆ ದುಡಿದರು. ಸ್ವತಂತ್ರ ಛಾಯಾಗ್ರಾಹಕರಾದ ಮೇಲೆ ಲೈಫ್, ಟೈಮ್, ನ್ಯೂಸ್‌ವೀಕ್‌ಗಳಲ್ಲೂ ಅವರ ಚಿತ್ರಗಳು ಅಚ್ಚಾದವು.

ಅಂದಿನ ತಿದ್ದುಪಡಿಯೆಲ್ಲ ನಡೆಯುತ್ತಿದ್ದುದು ಕತ್ತಲೆಕೋಣೆಯಲ್ಲಿ. ಸಂಸ್ಕರಿಸಿದ ನೆಗೆಟಿವ್‌ಗಳನ್ನು ಒಂದೇ ಹಾಳೆಯ ಮೇಲೆ ಪುಟ್ಟದಾಗಿ ಅಚ್ಚು ತೆಗೆದು, ಯೋಗ್ಯವಾದುದನ್ನು ಆರಿಸಬೇಕಿತ್ತು. ಎನ್‌ಲಾರ್ಜರ್‌ನ ಬೆಳಕಿಗೆ ಕೈ ಅಡ್ಡ ಹಿಡಿದರೆ ಆ ಭಾಗ ತಿಳಿಯಾಗುತ್ತಿತ್ತು. ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಗಾಢವಾಗುತ್ತಿತ್ತು. 1990ರಲ್ಲಿ ಬಂದ ಫೋಟೋಶಾಪ್‌ನ ಡಾಡ್ಜ್ ಮತ್ತು ಬರ್ನ್ ಸಾಧನಗಳು ಈ ಕೈಚಳಕದ ಹೆಸರನ್ನೇ ಹೊತ್ತಿವೆ. ಎರಡು ನೆಗೆಟಿವ್‌ಗಳನ್ನು ಬೆಸೆದು ಬರಿದಾದ ಆಕಾಶಕ್ಕೆ ಮೋಡ ತುಂಬುವುದೂ ಆಗ ಸಾಧ್ಯವಿತ್ತು. ಕಲಾಚಿತ್ರಕ್ಕೆ ಅದು ಒಪ್ಪುತ್ತಿತ್ತು, ಸುದ್ದಿಚಿತ್ರಕ್ಕೆ ಸಲ್ಲುತ್ತಿರಲಿಲ್ಲ.

ಸತ್ಯನ್ ಹಿಡಿದ ದಾರಿ ಸುದ್ದಿಚಿತ್ರದ್ದು. ಜನಸಾಮಾನ್ಯರ ದಿನನಿತ್ಯದ ಬದುಕು, ಅದರಲ್ಲೂ ಮಕ್ಕಳು, ಅವರ ಕಪ್ಪು–ಬಿಳುಪು ಚಿತ್ರಗಳ ಜೀವಾಳ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಾಗಿಯೂ ಅವರು ಚಿತ್ರಗಳನ್ನು ತೆಗೆದರು. ಅಂಥ ಚಿತ್ರ ದೂರದ ದೇಶದವರ ಮುಂದೆ ಸಾಕ್ಷಿಯಾಗಿ ನಿಲ್ಲುತ್ತದೆ. ಅದರಲ್ಲಿ ಒಂದು ಮುಖವನ್ನು ಸೇರಿಸಿದರೂ ಅಳಿಸಿದರೂ ನಂಬಿಕೆಯೇ ಕುಸಿಯುತ್ತದೆ. 1977ರಲ್ಲಿ ಪದ್ಮಶ್ರೀ ಪುರಸ್ಕಾರ ಅವರನ್ನು ಅರಸಿ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಇಳಿವಯಸ್ಸಿನಲ್ಲಿ ಮೈಸೂರಿನಲ್ಲೇ ನೆಲೆಸಿದ್ದ ಸತ್ಯನ್, 2005ರಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ಆತ್ಮಕಥನವನ್ನು ಹೊರತಂದರು. 2009ರ ಡಿಸೆಂಬರ್ 13ರಂದು ಅವರು ನಿಧನರಾದಾಗ 86ನೇ ಹುಟ್ಟುಹಬ್ಬಕ್ಕೆ ಉಳಿದಿದ್ದುದು ಐದೇ ದಿನ. ಫಿಲ್ಮ್ ಹಿಂದೆ ಸರಿದು ಡಿಜಿಟಲ್ ಮುಂದೆ ಬಂದುದು ಅವರ ಜೀವಿತಕಾಲದಲ್ಲೇ. ಲೈಟ್‌ರೂಮ್ ಮಾರುಕಟ್ಟೆಗೆ ಬಂದುದು 2007ರಲ್ಲಿ. ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ದಾಖಲಿಸಿಡುವುದು ಅದರ ವಿಶೇಷ. ಅಚ್ಚು ಎಷ್ಟು ಬಗೆಯಲ್ಲಿ ತೆಗೆದರೂ ನೆಗೆಟಿವ್ ಹಾಗೆಯೇ ಉಳಿಯುತ್ತಿದ್ದಂತೆ ಇಲ್ಲಿಯೂ ಮೂಲ ಉಳಿಯುತ್ತದೆ.

ಸಾಫ್ಟ್‌ವೇರ್ ಆರಿಸುವವರು ಬೆಲೆ, ಸೌಲಭ್ಯಗಳನ್ನು ನೋಡುವುದು ಸಹಜ. ಮೂಲಚಿತ್ರ ಸುರಕ್ಷಿತವಾಗಿ ಉಳಿಯುವುದೇ, ಬೆಳಕು ಹದಗೊಳಿಸುವುದಕ್ಕೂ ಕಂಡದ್ದನ್ನು ಬದಲಿಸುವುದಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಅದಕ್ಕೂ ಮೊದಲು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಸತ್ಯನ್ ಚಿತ್ರಗಳಲ್ಲಿನ ಮಕ್ಕಳ ನಗೆಯನ್ನು ಇಂದಿಗೂ ನಂಬುವಂತಾಗಿರುವುದು ಆ ಗೆರೆಯಿಂದಲೇ.