ಹೋಮಿ ಭಾಭಾ ಕಟ್ಟಿದ ಲೆಕ್ಕ

ಭಾಭಾ ಅಂದೊಡನೆ ನಮ್ಮವರಿಗೆ ನೆನಪಾಗುವುದು ಟ್ರಾಂಬೆಯ ಅಣುಸ್ಥಾವರ. ಕಾಮರ್ಸ್ ಓದುವ ನನಗೆ ಹಿಡಿಸಿದ್ದು ಲೆಕ್ಕದ ಭಾಭಾ.

1909ರ ಅಕ್ಟೋಬರ್ 30ರಂದು ಮುಂಬಯಿಯ ಶ್ರೀಮಂತ ಪಾರ್ಸಿ ಮನೆತನದಲ್ಲಿ ಹುಟ್ಟಿದರು. ಎಂಜಿನಿಯರಾಗಿ ಬಂದು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಸೇರಲಿ ಅಂತ ತಂದೆ 1927ರಲ್ಲಿ ಕೇಂಬ್ರಿಜ್‌ಗೆ ಕಳಿಸಿದರು. ಹುಡುಗನ ಮನಸ್ಸೆಲ್ಲ ಭೌತಶಾಸ್ತ್ರದ ಮೇಲೆ. ತಂದೆಯದು ಒಂದೇ ಷರತ್ತು: ಮೊದಲು ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ, ಆಮೇಲೆ ನಿನ್ನಿಷ್ಟ. 1930ರಲ್ಲಿ ಅದನ್ನು ಗಿಟ್ಟಿಸಿಯೇ ಬಿಟ್ಟರು. (ಮನೆಯವರು ಹೇಳಿದ ಕೋರ್ಸು ಓದುತ್ತಿರುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.)

ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳು ಅವರ ವಿಷಯ. ವೇಗದ ಎಲೆಕ್ಟ್ರಾನೊಂದು ಗಾಳಿಯಲ್ಲಿ ಪರಮಾಣು ಬೀಜದ ಹತ್ತಿರ ಹಾಯ್ದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಅದನ್ನು ಬಗ್ಗಿಸುತ್ತದೆ. ಬಾಗುವಾಗ ಅದು ಗಾಮಾ ಕಿರಣ ಬಿಡುತ್ತದೆ. ಆ ಕಿರಣ ಇನ್ನೊಂದು ಬೀಜದ ಬಳಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ. ಅವೆರಡರದ್ದೂ ಮತ್ತೆ ಅದೇ ಕತೆ. ಚಕ್ರಬಡ್ಡಿಯಂತೆ ಬೆಳೆದು, ಶಕ್ತಿಯೆಂಬ ಬಂಡವಾಳ ಚೂರುಚೂರಾಗಿ ಹಂಚಿಹೋದಾಗ ನಿಲ್ಲುತ್ತದೆ. 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಭಾಭಾ ಈ ಕಣಗಳ ಮಳೆಯ ಸರಾಸರಿ ಲೆಕ್ಕ ಕಟ್ಟಿದರು. ಆದರೆ ಯಾವ ಕಣ ಎಲ್ಲಿ ಒಡೆದೀತು ಅಂತ ಹೇಳಲಾಗದು, ಅದು ಆಕಸ್ಮಿಕ. ವಿಮೆಯವರು ಸಾವಿರ ಜನರ ಆಯಸ್ಸನ್ನು ಅಂದಾಜು ಮಾಡಬಲ್ಲರು, ನಿಮ್ಮೊಬ್ಬರದನ್ನಲ್ಲ, ಹಾಗೆ. ಸರಾಸರಿಯಿಂದ ಎಷ್ಟು ಆಚೀಚೆ ಆದೀತು ಎಂಬುದನ್ನೂ ಅವರು ಬಿಡಲಿಲ್ಲ. 1950ರಲ್ಲಿ ಅಲ್ಲಾಡಿ ರಾಮಕೃಷ್ಣನ್ ಜೊತೆ ಅದರ ಗಣಿತವನ್ನೂ ಪ್ರಕಟಿಸಿದರು.

1939ರಲ್ಲಿ ರಜೆಗೆಂದು ಬಂದವರು, ಯುದ್ಧ ಶುರುವಾಗಿ ಇಲ್ಲೇ ಉಳಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಅವರ ವಿಭಾಗದಲ್ಲಿ ಕೆಲಸ. 1945ರಲ್ಲಿ ಅವರ ಸಂಶೋಧನಾ ಸಂಸ್ಥೆ ಅಲ್ಲೇ ಹುಟ್ಟಿ, ಅದೇ ವರ್ಷ ಮುಂಬಯಿಗೆ ಬಂತು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು 1951ರಲ್ಲಿ ಕೋಲಾರದ ಗಣಿಗೆ ಇಳಿಸಿದ್ದೂ ಇವರೇ. ಚಿನ್ನಕ್ಕಲ್ಲ, ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ನೋಡೋಕೆ!

ಆಮೇಲೆ ಆಡಳಿತ, ಕಮಿಟಿ, ಸ್ಥಾವರ. ಲೆಕ್ಕಕ್ಕೆ ಪುರುಸೊತ್ತು ಕಡಿಮೆಯಾಯಿತು. ದೇಶಕ್ಕೆ ಲಾಭವೇ ಇರಬಹುದು, ನನಗೇನೋ ನಷ್ಟ ಅಂತಲೇ ಅನ್ನಿಸುತ್ತದೆ.

1966ರ ಜನವರಿಯಲ್ಲಿ ನಮ್ಮ ವಿಲೆ ಪಾರ್ಲೆಯ ಮಗ್ಗುಲಿನ ಸಾಂತಾಕ್ರೂಜ್ ವಿಮಾನ ನಿಲ್ದಾಣದಿಂದ ಹೊರಟ ಏರ್ ಇಂಡಿಯಾದ ಕಾಂಚನಜಂಗಾ ವಿಮಾನ 24ರಂದು ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತಕ್ಕೆ ಬಡಿಯಿತು. ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಸೇರಿ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಿಗೆ 56 ವರ್ಷ.