ಲೆಕ್ಕ ಕೇಳಿದ ವಕೀಲ

ಮನೆಗೆ ಬರುವ ಕರೆಂಟ್ ಬಿಲ್ಲಿನ ದರ ನ್ಯಾಯವಾದದ್ದೇ ಎಂದು ಎಂದಾದರೂ ಯೋಚಿಸಿದ್ದೀರಾ? 1905ರಲ್ಲಿ ನ್ಯೂಯಾರ್ಕಿನ ಜನರೂ ಹೀಗೆಯೇ ಕೇಳಿದರು. ಅಲ್ಲಿ ದೀಪಕ್ಕೂ ಒಲೆಗೂ ಬಳಸುವ ಗ್ಯಾಸಿಗೆ ಸಾವಿರ ಘನ ಅಡಿಗೆ ಒಂದು ಡಾಲರ್ ತೆರಬೇಕಿತ್ತು.

ಶಾಸನಸಭೆಯ ತನಿಖಾ ಸಮಿತಿಗೆ ವಕೀಲರಾದವರು ಚಾರ್ಲ್ಸ್ ಇವಾನ್ಸ್ ಹ್ಯೂಸ್, ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗ. ಅವರು ಅಬ್ಬರಿಸಲಿಲ್ಲ, ಕಂಪೆನಿಯ ಲೆಕ್ಕಪತ್ರಗಳನ್ನು ತೆರೆಸಿದರು. ಉಬ್ಬಿಸಿ ತೋರಿಸಿದ ಬಂಡವಾಳದ ಲಾಭವನ್ನೂ ಬಳಕೆದಾರರೇ ಹೊರುತ್ತಿದ್ದುದು ಬಯಲಾಯಿತು.

1906ರ ಕಾನೂನು ದರವನ್ನು 80 ಸೆಂಟಿಗೆ ಇಳಿಸಿತು. ಕಂಪೆನಿ ಕೋರ್ಟಿಗೆ ಹೋಯಿತು. 1909ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಗವರ್ನರ್ ಆಗಿದ್ದ ಹ್ಯೂಸ್, 1907ರಲ್ಲೇ ಇಂಥ ಸೇವೆಗಳ ಮೇಲ್ವಿಚಾರಣೆಗೆ ಆಯೋಗಗಳನ್ನು ನೇಮಿಸುವ ಕಾನೂನು ತಂದಿದ್ದರು. 1930ರಲ್ಲಿ ಅಮೆರಿಕದ ಮುಖ್ಯ ನ್ಯಾಯಾಧೀಶರಾದ ಅವರು 1948ರಲ್ಲಿ ತೀರಿಕೊಂಡರು.

ಲೆಕ್ಕ ಕೇಳುವುದೂ ಬಡವರ ಸೇವೆಯೇ ಅಲ್ಲವೇ?