ನರಕೋಶಗಳ ಚಿತ್ರಗಾರ ಕಹಾಲ್

ಸ್ಪೇನ್ ದೇಶದ ಪೆಟಿಲ್ಲಾ ಎಂಬ ಸಣ್ಣ ಹಳ್ಳಿಯಲ್ಲಿ 1852ರ ಮೇ 1ರಂದು ಸಾಂಟಿಯಾಗೊ ರಮೋನ್ ಇ ಕಹಾಲನು ಜನಿಸಿದನು. ತಂದೆ ಶಸ್ತ್ರವೈದ್ಯ, ಬಲು ಕಟ್ಟುನಿಟ್ಟಿನವನು. ಬಾಲಕನಿಗೋ ಚಿತ್ರ ಬರೆಯುವ ಹುಚ್ಚು. ಚಿತ್ರಕಲೆಯಿಂದ ಹೊಟ್ಟೆ ತುಂಬದೆಂದು ಬಗೆದ ತಂದೆಯು ಮಗನನ್ನು ಮೊದಲು ಕ್ಷೌರಿಕನ ಬಳಿಯೂ ಅನಂತರ ಪಾದರಕ್ಷೆ ಹೊಲಿಯುವವನ ಬಳಿಯೂ ಕೆಲಸಕ್ಕಿಟ್ಟನು. ಕಡೆಗೆ ಸ್ಮಶಾನದಿಂದ ಎಲುಬುಗಳನ್ನು ತಂದು ಅಂಗರಚನೆಯನ್ನು ತಾನೇ ಕಲಿಸತೊಡಗಿದನು. ಎಲುಬುಗಳ ಚಿತ್ರವನ್ನು ಬರೆಯುತ್ತ ಬರೆಯುತ್ತಲೇ ಹುಡುಗನು ವೈದ್ಯವಿದ್ಯೆಗೆ ಒಲಿದನು!

1873ರಲ್ಲಿ ಪದವಿ ಪಡೆದು, ಸೈನ್ಯದ ವೈದ್ಯನಾಗಿ ಕ್ಯೂಬಾ ದ್ವೀಪಕ್ಕೆ ಹೋಗಿ, ಮಲೇರಿಯದಿಂದ ಬಳಲಿ ಹಿಂದಿರುಗಿದ ಕಹಾಲನು ಅಧ್ಯಾಪಕನಾದನು. 1887ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಆತನ ಕಣ್ಣಿಗೆ ಒಂದು ಹೊಸ ನೋಟ ಬಿದ್ದಿತು. ಇಟಲಿಯ ಗಾಲ್ಜಿ ಎಂಬ ವಿದ್ವಾಂಸನು ಬೆಳ್ಳಿಯ ಲವಣದಿಂದ ಮಿದುಳಿನ ತುಣುಕಿಗೆ ಬಣ್ಣ ಕಟ್ಟುವ ವಿಧಾನವೊಂದನ್ನು ಕಂಡುಹಿಡಿದಿದ್ದನು. ಅದರಲ್ಲಿ ಕೆಲವೇ ಕೋಶಗಳು ಕೊಂಬೆರೆಂಬೆಗಳ ಸಮೇತ ಕಪ್ಪಾಗಿ ಎದ್ದುಕಾಣುತ್ತವೆ. ಆದರೆ ಬಲಿತ ಪ್ರಾಣಿಗಳಲ್ಲಿ ನರತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆ ಈ ಬಣ್ಣಕ್ಕೆ ಅಡ್ಡಿ. ಕಹಾಲನು ಹೊದಿಕೆ ಇನ್ನೂ ಮೂಡದಿರುವ ಎಳೆಯ ಜೀವಗಳನ್ನೇ ಆರಿಸಿಕೊಂಡನು: ಮೊಟ್ಟೆಯೊಳಗಿನ ಕೋಳಿಮರಿ, ಆಗ ತಾನೇ ಹುಟ್ಟಿದ ಇಲಿಮರಿ. ಆತನ ಜಾಣ್ಮೆಯೆಲ್ಲ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ.

ನರಗಳೆಲ್ಲ ಒಂದಕ್ಕೊಂದು ಬೆಸೆದ ಬಲೆಯೆಂದು ಗಾಲ್ಜಿ ನಂಬಿದ್ದನು. ಪ್ರತಿಯೊಂದು ಕೋಶವೂ ಬೇರೆ ಬೇರೆಯೆಂದು ಕಹಾಲನು ಕಂಡನು. 1888ರಲ್ಲಿ ಸ್ವಂತ ಹಣದಿಂದ ಪತ್ರಿಕೆಯೊಂದನ್ನು ಹೊರಡಿಸಿ ಇದನ್ನು ಪ್ರಕಟಿಸಿದನು. ಸ್ಪ್ಯಾನಿಷ್ ಭಾಷೆಯ ಬರಹವನ್ನು ಹೊರನಾಡಿನ ಪಂಡಿತರಲ್ಲಿ ಓದುವವರು ಯಾರು? ಮರುವರ್ಷ ತಾನೇ ಬರ್ಲಿನ್ನಿಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ಎಲ್ಲರಿಗೂ ತೋರಿಸಿದನು. ಹಿರಿಯನಾದ ಕೋಲಿಕರನು ಒಪ್ಪಿದನು. 1890ರಲ್ಲಿ, ಬೆಳೆಯುವ ನರತಂತುವಿನ ತುದಿಯಲ್ಲಿ ದಾರಿ ಹುಡುಕುತ್ತ ಸಾಗುವ ಶಂಕುವಿನಂಥ ಭಾಗವನ್ನು ವರ್ಣಿಸಿದನು. 1906ರ ನೊಬೆಲ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿದರು. ಗಾಲ್ಜಿಯು ಆ ಸಂದರ್ಭದ ಭಾಷಣದಲ್ಲಿಯೂ ಕಹಾಲನ ಮತವನ್ನು ಖಂಡಿಸಿದನು.

ಕಹಾಲನ ಶಿಷ್ಯ ಲೊರೆಂಟೆ ದೆ ನೊ ಇಪ್ಪತ್ತರ ತರುಣ. 1922ರಲ್ಲಿ ಆತನು ಇಲಿಯ ಮಿದುಳಿನ ಹೊರಪದರದಲ್ಲಿ ಕೋಶಗಳ ವಿಚಿತ್ರ ಗುಂಪುಗಳನ್ನು ಚಿತ್ರಿಸಿ, ಅದು ಶ್ರವಣದ ಭಾಗವೆಂದು ಎಣಿಸಿದನು. ಗುರುವು 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡನು. ಆ ಗುಂಪುಗಳ ಗುಟ್ಟು ಬಯಲಾದುದು 1970ರಲ್ಲಿ. ವೂಲ್ಸಿ ಮತ್ತು ವಾನ್ ಡರ್ ಲೂಸ್ ಎಂಬವರು ಅವುಗಳಿಗೆ ಪೀಪಾಯಿಗಳೆಂದು ಹೆಸರಿಟ್ಟರು. ಇಲಿಯ ಒಂದೊಂದು ಮೀಸೆಗೂದಲಿನ ಸ್ಪರ್ಶಕ್ಕೂ ಒಂದೊಂದು ಪೀಪಾಯಿ, ಮುಖದ ಮೇಲಿನ ಸಾಲಿನಂತೆಯೇ ಮಿದುಳಿನಲ್ಲಿಯೂ ಸಾಲು! ಹುಟ್ಟಿದೊಡನೆ ಮರಿಯ ಮೀಸೆಯ ಬುಡವನ್ನು ಕೆಡಿಸಿದರೆ ಅದರ ಪೀಪಾಯಿಯು ಮೂಡುವುದೇ ಇಲ್ಲವೆಂದು 1973ರಲ್ಲಿ ಅವರು ತೋರಿಸಿದರು. ಅದೇ ಗಾಯವು ಮರಿಗೆ ಒಂದು ವಾರ ತುಂಬಿದ ಮೇಲೆ ಆದರೆ, ಪೀಪಾಯಿಯು ಅಳಿಯದು.